‘ಹುಷಾರು’ ಎಂಬ ಮಾತಿನ ಆಚೆ: ಶಾಲೆಯಲ್ಲಿ ಪ್ರತಿಭೆಯನ್ನು ಕಾಣುವ ಬಗೆ, ಪೊರೆಯುವ ಬಗೆ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಾಗಲಿ, ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಾಗಲಿ, ಶಾಲೆಗೆ ಬಂದ ಪಾಲಕರು ಮಾಸ್ತರರನ್ನೋ ಅಕ್ಕೋರನ್ನೋ ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ ಆಗಿರುತ್ತದೆ: ‘ನಮ್ಮ ಹುಡುಗ ಹುಷಾರಿದ್ದಾನೋ ಇಲ್ಲವೋ?’ ಈ ‘ಹುಷಾರು’ ಎಂಬ ಒಂದೇ ಮಾತಿನೊಳಗೆ ನಾವು ಅನೇಕ ಸಂಗತಿಗಳನ್ನು ಒಟ್ಟಿಗೆ ಕಟ್ಟಿಟ್ಟಿದ್ದೇವೆ. ಅಕ್ಷರ ದುಂಡಗಿರುವುದು, ಮಗ್ಗಿ ಬಾಯಿಗೆ ಬರುವುದು, ಕೇಳಿದ ತಕ್ಷಣ ಕೈ ಎತ್ತುವುದು, ಹೇಳಿದ ಮಾತು ಕೇಳುವುದು, ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆಯುವುದು, ಪ್ರತಿಭಾ ಕಾರಂಜಿಯಲ್ಲಿ ಬಹುಮಾನ ತರುವುದು, ಇವೆಲ್ಲವೂ ಅದರಲ್ಲಿ ಸೇರಿಕೊಂಡಿವೆ. ಇವು ಒಳ್ಳೆಯ ಗುಣಗಳೇ. ಆದರೆ ಅಸಾಧಾರಣ ಸಾಮರ್ಥ್ಯವುಳ್ಳ ಮಗುವನ್ನು ಗುರುತಿಸುವುದಕ್ಕೆ ಇವುಗಳನ್ನೇ ಅಳತೆಗೋಲಾಗಿ ಹಿಡಿದರೆ, ಅಂಥ ಮಕ್ಕಳಲ್ಲಿ ಹಲವರು ನಮ್ಮ ಕಣ್ಣೆದುರಿಗೇ ಕುಳಿತಿದ್ದರೂ ಕಾಣದೆ ಹೋಗುತ್ತಾರೆ. ಹಾಗೆ ಕಾಣದೆ ಹೋದ ಮಗುವಿನ ನಷ್ಟವನ್ನು ಯಾವ ದಾಖಲೆಯೂ ತೋರಿಸುವುದಿಲ್ಲ, ಏಕೆಂದರೆ ಆ ಮಗು ಅನುತ್ತೀರ್ಣವಾಗುವುದಿಲ್ಲ, ಶಾಲೆ ಬಿಡುವುದಿಲ್ಲ, ಯಾರಿಗೂ ತೊಂದರೆ ಕೊಡುವುದಿಲ್ಲ. ಸುಮ್ಮನೆ ತನ್ನ ಶಕ್ತಿಗಿಂತ ಬಹಳ ಕೆಳಗೆ ಬದುಕುವುದನ್ನು ರೂಢಿಮಾಡಿಕೊಳ್ಳುತ್ತದೆ.

ನಾನು ಘಟ್ಟದ ಮೇಲಿನ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದಾಗ ಕಂಡ ಒಂದು ಘಟನೆಯಿಂದ ಈ ವಿಷಯವನ್ನು ಬಿಡಿಸುವುದು ಸುಲಭ. ಎಣಿಕೆಗೆ ಮಣಿಗಳು ಸಾಲದ ಕಾರಣ ಮಕ್ಕಳು ಮನೆಯ ಅಂಗಳದಿಂದ ಚಾಲಿ ಅಡಿಕೆ ತಂದಿದ್ದರು. ನಾಲ್ಕನೆಯ ತರಗತಿಯವರು ಗುಣಾಕಾರಕ್ಕಾಗಿ ಅಡಿಕೆಯನ್ನು ಸಾಲು ಸಾಲಾಗಿ ಜೋಡಿಸುತ್ತಿದ್ದಾಗ ಒಬ್ಬ ಹುಡುಗಿ ಮಾತ್ರ ಕೊಟ್ಟ ಲೆಕ್ಕವನ್ನು ಅರ್ಧಕ್ಕೆ ಬಿಟ್ಟು ಬೇರೇನೋ ಮಾಡುತ್ತಿದ್ದಳು. ಮೂಲೆಯಲ್ಲಿ ಒಂದು ಅಡಿಕೆ ಇಟ್ಟು, ಅದರ ಎರಡು ಬದಿಗೆ ಸುತ್ತುವಂತೆ ಮೂರು ಸೇರಿಸಿದಳು, ಚೌಕ ಆಯಿತು. ಮತ್ತೆ ಐದು ಸೇರಿಸಿದಳು, ಇನ್ನೂ ದೊಡ್ಡ ಚೌಕ. ಮತ್ತೆ ಏಳು. ನಾನು ಹತ್ತಿರ ಹೋಗಿ ನಿಂತಾಗ ಬೈಗುಳ ಬರುತ್ತದೆಂದು ಕೈಯಲ್ಲಿದ್ದ ಅಡಿಕೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಆಮೇಲೆ ಕೇಳಿದಳು: ‘ಅಕ್ಕೋರೇ, ಪ್ರತಿ ಸಲವೂ ಎರಡೆರಡೇ ಹೆಚ್ಚು ಬೇಕಾಗುತ್ತದೆ, ಯಾಕೆ?’ ನಾನು ಉತ್ತರ ಹುಡುಕುವುದರೊಳಗೆ ಅವಳೇ ಬೆರಳಿಟ್ಟು ತೋರಿಸಿದಳು: ಚೌಕ ದೊಡ್ಡದಾದಾಗ ಈ ಬದಿ ಒಂದು ಉದ್ದವಾಗುತ್ತದೆ, ಆ ಬದಿಯೂ ಒಂದು ಉದ್ದವಾಗುತ್ತದೆ, ಅದಕ್ಕೇ ಎರಡು. ಬೆಸಸಂಖ್ಯೆಗಳನ್ನು ಒಂದರಿಂದ ಕ್ರಮವಾಗಿ ಕೂಡಿದರೆ ವರ್ಗಸಂಖ್ಯೆ ಬರುತ್ತದೆ ಎಂಬ ಮಾತನ್ನು, ಅದರ ಕಾರಣಸಹಿತ, ಹತ್ತು ವರ್ಷದ ಮಗು ಅಡಿಕೆಯಲ್ಲಿ ಕಂಡುಕೊಂಡಿತ್ತು. ಆ ತಿಂಗಳ ಕಿರುಪರೀಕ್ಷೆಯಲ್ಲಿ ಅವಳಿಗೆ ಗಣಿತದಲ್ಲಿ ಬಂದ ಅಂಕ ತರಗತಿಯ ಸರಾಸರಿಯಷ್ಟೇ ಇತ್ತು, ಏಕೆಂದರೆ ಹತ್ತು ಲೆಕ್ಕಗಳಲ್ಲಿ ನಾಲ್ಕನ್ನು ಅವಳು ಮುಗಿಸಿರಲೇ ಇಲ್ಲ.

ಇಲ್ಲಿ ಗಮನಿಸಬೇಕಾದದ್ದು ಉತ್ತರದ ವೇಗವನ್ನಲ್ಲ. ಕೇಳದಿದ್ದ ಪ್ರಶ್ನೆಯನ್ನು ತಾನೇ ಎತ್ತಿದ್ದು, ಒಂದು ಉದಾಹರಣೆಯಿಂದ ನಿಯಮಕ್ಕೆ ಜಿಗಿದದ್ದು, ನಿಯಮಕ್ಕೆ ಕಾರಣ ಬೇಕೆಂದು ಹಟ ಹಿಡಿದದ್ದು, ಇವೇ ಗುರುತುಗಳು. ಪ್ರತಿಭಾವಂತ ಮಕ್ಕಳ ಶಿಕ್ಷಣದ ಕುರಿತು ಕಳೆದ ನೂರು ವರ್ಷಗಳಲ್ಲಿ ನಡೆದ ಚಿಂತನೆಯೂ ಬಹುಪಾಲು ಇದೇ ದಿಕ್ಕಿನಲ್ಲಿ ಸಾಗಿದೆ.

ಬುದ್ಧ್ಯಂಕದಿಂದ ಆರಂಭವಾದ ಹುಡುಕಾಟ

ಫ್ರಾನ್ಸಿನ ಆಲ್ಫ್ರೆಡ್ ಬಿನೆ ಮತ್ತು ಥಿಯೋಡೋರ್ ಸಿಮೋ 1905ರಲ್ಲಿ ಮೊದಲ ಬುದ್ಧಿಮಾಪನ ಪರೀಕ್ಷೆಯನ್ನು ರೂಪಿಸಿದ್ದು ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ ನೆರವು ನೀಡುವ ಉದ್ದೇಶದಿಂದ. ಅಮೆರಿಕದ ಲೂಯಿಸ್ ಟರ್ಮನ್ ಅದನ್ನು 1916ರಲ್ಲಿ ಪರಿಷ್ಕರಿಸಿ, ತಕ್ಕಡಿಯ ಇನ್ನೊಂದು ತುದಿಯಲ್ಲಿರುವ ಮಕ್ಕಳನ್ನು ಹುಡುಕಲು ಬಳಸಿದರು. 1921ರಲ್ಲಿ ಕ್ಯಾಲಿಫೋರ್ನಿಯಾದ ಸುಮಾರು 1,500 ಮಕ್ಕಳನ್ನು ಆರಿಸಿ ದಶಕಗಳ ಕಾಲ ಅವರ ಬದುಕನ್ನು ಹಿಂಬಾಲಿಸಿದ ಆ ಅಧ್ಯಯನ ಒಂದು ತಪ್ಪುಕಲ್ಪನೆಯನ್ನು ಅಳಿಸಿತು: ತೀಕ್ಷ್ಣಬುದ್ಧಿಯ ಮಕ್ಕಳು ರೋಗಿಷ್ಠರೂ ವಿಚಿತ್ರ ಸ್ವಭಾವದವರೂ ಆಗಿರುತ್ತಾರೆ ಎಂಬ ಅಂದಿನ ನಂಬಿಕೆ ಸುಳ್ಳೆಂದು ತೋರಿತು. ಆದರೆ ಅದೇ ಅಧ್ಯಯನ ತನ್ನ ಮಿತಿಯನ್ನೂ ತೋರಿಸಿಕೊಟ್ಟಿತು. ಪರೀಕ್ಷೆಗೆ ಕುಳಿತು, ನಿಗದಿತ ಅಂಕ ಮುಟ್ಟದೆ ಹೊರಗುಳಿದ ಬಾಲಕರಲ್ಲಿ ಇಬ್ಬರು, ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಅಲ್ವಾರೆಜ್, ಮುಂದೆ ಕ್ರಮವಾಗಿ 1956 ಮತ್ತು 1968ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದರು. ಆರಿಸಲ್ಪಟ್ಟ ಮಕ್ಕಳಲ್ಲಿ ಯಾರಿಗೂ ನೊಬೆಲ್ ಬರಲಿಲ್ಲ.

ಬುದ್ಧ್ಯಂಕ (ಐ.ಕ್ಯೂ.) ಪರೀಕ್ಷೆಯ ಸರಾಸರಿ 100. 130ಕ್ಕಿಂತ ಮೇಲೆ ಬರುವವರು ನೂರಕ್ಕೆ ಸುಮಾರು ಇಬ್ಬರು. ಆದರೆ ಯಾವ ಪರೀಕ್ಷೆಯ ಅಳತೆಯಲ್ಲೂ ಕೆಲವು ಅಂಕಗಳ ಹೊಯ್ದಾಟ ಇದ್ದೇ ಇರುತ್ತದೆ. ಇಂದು 128 ಪಡೆದ ಮಗು ಮುಂದಿನ ವಾರ 132 ಪಡೆಯಬಹುದು. ಆದುದರಿಂದ ಒಂದೇ ಸಂಖ್ಯೆಯ ಗೆರೆ ಎಳೆದು ಈಚೆಗಿನವರು ಪ್ರತಿಭಾವಂತರು, ಆಚೆಗಿನವರು ಸಾಮಾನ್ಯರು ಎಂದು ವಿಂಗಡಿಸುವುದು ಪರೀಕ್ಷೆಯ ಮೇಲೆ ಅದು ಹೊರಲಾರದಷ್ಟು ಭಾರ ಹೊರಿಸಿದಂತೆ.

ಈ ಮಿತಿಯನ್ನು ದಾಟಲು ನಡೆದ ಪ್ರಯತ್ನಗಳಲ್ಲಿ ಎರಡು ವಿಚಾರಗಳು ನಮ್ಮ ಶಿಕ್ಷಕರಿಗೆ ನೇರವಾಗಿ ಉಪಯುಕ್ತವಾಗಿವೆ. ಮೊದಲನೆಯದು ಅಮೆರಿಕದ ಶಿಕ್ಷಣತಜ್ಞ ಜೋಸೆಫ್ ರೆಂಜುಲ್ಲಿ 1978ರಲ್ಲಿ ಮಂಡಿಸಿದ ಮೂರು ಉಂಗುರಗಳ ಕಲ್ಪನೆ. ಸರಾಸರಿಗಿಂತ ಮೇಲಿನ ಸಾಮರ್ಥ್ಯ, ಸೃಜನಶೀಲತೆ, ಹಿಡಿದ ಕೆಲಸವನ್ನು ಬಿಡದ ನಿಷ್ಠೆ, ಈ ಮೂರು ಒಂದನ್ನೊಂದು ಹಾಯುವ ಜಾಗದಲ್ಲಿ ಪ್ರತಿಭೆಯ ವರ್ತನೆ ಕಾಣಿಸುತ್ತದೆ ಎಂಬುದು ಅವರ ವಾದ. ‘ಪ್ರತಿಭಾವಂತ ಮಗು’ ಎಂದು ಹೇಳುವುದಕ್ಕಿಂತ ‘ಪ್ರತಿಭೆಯ ವರ್ತನೆ’ ಎಂದು ಹೇಳಿದ್ದರಲ್ಲೇ ಅವರ ವಿವೇಕವಿದೆ. ಅದು ಕೆಲವು ಮಕ್ಕಳಲ್ಲಿ, ಕೆಲವು ಸಮಯದಲ್ಲಿ, ಕೆಲವು ಸಂದರ್ಭಗಳಲ್ಲಿ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಒಂದೇ ದಿನದ ಪರೀಕ್ಷೆಗೆ ಅದು ಸಿಕ್ಕೇ ಸಿಗುತ್ತದೆ ಎನ್ನುವಂತಿಲ್ಲ.

ಎರಡನೆಯದು ಕೆನಡಾದ ಫ್ರಾನ್ಸ್ವಾ ಗ್ಯಾನ್ಯೆ ಮಾಡಿದ ವಿಂಗಡಣೆ. ಹುಟ್ಟಿನಿಂದ ಬಂದ, ಇನ್ನೂ ಪಳಗದ ಸಹಜ ಸಾಮರ್ಥ್ಯ ಬೇರೆ. ಕಲಿಕೆ, ಅಭ್ಯಾಸ ಮತ್ತು ಅವಕಾಶಗಳ ಮೂಲಕ ಪಳಗಿದ ಪ್ರತಿಭೆ ಬೇರೆ. ಹೊನ್ನಾವರದ ಕಡೆಯ ಓದುಗರಿಗೆ ಇದನ್ನು ಯಕ್ಷಗಾನದ ಮೂಲಕ ಹೇಳಿದರೆ ಚೆನ್ನಾಗಿ ತಿಳಿದೀತು. ವೇಷ ಕಟ್ಟುವ ಚೌಕಿಯ ಮೂಲೆಯಲ್ಲಿ ಕುಳಿತ ಐದು ವರ್ಷದ ಮಗು ಚಂಡೆಯ ಪೆಟ್ಟಿಗೆ ತಪ್ಪದೆ ತೊಡೆ ತಟ್ಟುತ್ತಿದ್ದರೆ ಅದು ಸಹಜ ಸಾಮರ್ಥ್ಯ. ಗುಣವಂತೆಯ ಕೆರೆಮನೆಯಂಥ ಕಡೆ ಗುರುಮುಖೇನ ವರ್ಷಗಟ್ಟಲೆ ಹೆಜ್ಜೆ ಕಲಿತು, ಬಿದ್ದು ಎದ್ದು, ಕೊನೆಗೆ ರಂಗದ ಮೇಲೆ ಪಾತ್ರವನ್ನು ತುಂಬಿ ನಿಲ್ಲಿಸುವುದು ಪ್ರತಿಭೆ. ಮೊದಲನೆಯದರಿಂದ ಎರಡನೆಯದಕ್ಕೆ ಹೋಗುವ ದಾರಿ ತಾನಾಗಿ ಸವೆಯುವುದಿಲ್ಲ. ‘ಹುಷಾರಿರುವ ಮಗು ಎಲ್ಲಿದ್ದರೂ ಮೇಲೆ ಬರುತ್ತದೆ’ ಎಂದು ನಾವು ಆಗಾಗ ಆಡುವ ಮಾತು ಈ ದಾರಿಯೇ ಇಲ್ಲವೆಂದು ಭಾವಿಸುತ್ತದೆ. ಈ ಕ್ಷೇತ್ರದಲ್ಲಿ ಇದಕ್ಕಿಂತ ಹಾನಿಕರವಾದ ನಂಬಿಕೆ ಇನ್ನೊಂದಿಲ್ಲ ಎಂದು ನಾನು ತಿಳಿದಿದ್ದೇನೆ.

ಯಾರು ಕಾಣದೆ ಹೋಗುತ್ತಾರೆ

ಅಂಕೋಲಾ ತಾಲೂಕಿನ ಹಾಲಕ್ಕಿ ಸಮುದಾಯದ ಇಬ್ಬರು ಮಹಿಳೆಯರನ್ನು ಇಲ್ಲಿ ನೆನೆಯಬೇಕು. ಬಡಗೇರಿಯ ಸುಕ್ರಿ ಬೊಮ್ಮಗೌಡರು ಅಸಂಖ್ಯ ಹಾಡುಗಳನ್ನು ನೆನಪಿನಲ್ಲೇ ಹೊತ್ತು ಉಳಿಸಿದರು. 2017ರಲ್ಲಿ ಪದ್ಮಶ್ರೀ ಬಂತು. ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ದುಡಿಯುತ್ತ, ಕಾಡಿನಲ್ಲಿ ಯಾವ ಮರ ತಾಯಿಮರ, ಅದರ ಬೀಜವನ್ನು ಯಾವಾಗ ತರಬೇಕು, ಹೇಗೆ ಮೊಳಕೆ ಬರಿಸಬೇಕು ಎಂಬುದನ್ನು ತಜ್ಞರೂ ಬಂದು ಕೇಳುವಷ್ಟು ಅರಿತಿದ್ದರು. ಅವರ ಹೆಸರು 2020ರ ಪದ್ಮಶ್ರೀ ಪಟ್ಟಿಯಲ್ಲಿತ್ತು. ಇಬ್ಬರೂ ಶಾಲೆ ಕಂಡವರಲ್ಲ. ಅಪಾರ ಸ್ಮರಣೆ, ಸೂಕ್ಷ್ಮ ವರ್ಗೀಕರಣ, ದೀರ್ಘಕಾಲದ ಏಕಾಗ್ರತೆ, ಪ್ರತಿಭೆಯ ಲಕ್ಷಣಗಳೆಂದು ಪುಸ್ತಕಗಳು ಹೇಳುವ ಗುಣಗಳೆಲ್ಲ ಅವರಲ್ಲಿದ್ದವು. ಇಂದು ಅವರಂಥ ಮಕ್ಕಳು ಶಾಲೆಯ ಒಳಗೇ ಇದ್ದಾರೆ. ಒಳಗಿದ್ದೂ ಕಾಣುತ್ತಿದ್ದಾರೆಯೇ ಎಂಬುದು ಪ್ರಶ್ನೆ.

ಕಾಣದಿರುವುದಕ್ಕೆ ಮೊದಲ ಕಾರಣ ಭಾಷೆ. ನಮ್ಮ ಜಿಲ್ಲೆಯ ಒಂದೇ ತರಗತಿಯಲ್ಲಿ ಕೊಂಕಣಿ, ಹಾಲಕ್ಕಿ ಕನ್ನಡ, ಹವಿಗನ್ನಡ, ಉರ್ದು, ಮರಾಠಿ ಮನೆಮಾತಿನ ಮಕ್ಕಳು ಸೇರಿರುವುದು ಅಪರೂಪವಲ್ಲ. ಭಟ್ಕಳದಲ್ಲಿ ನವಾಯತಿ, ಹಳಿಯಾಳ ಮತ್ತು ಯಲ್ಲಾಪುರದ ಕಾಡಂಚಿನಲ್ಲಿ ಸಿದ್ದಿ ಮತ್ತು ಗೌಳಿ ಮಕ್ಕಳ ಮಾತು ಬೇರೆಯೇ. ಗ್ರಾಂಥಿಕ ಕನ್ನಡದಲ್ಲಿ ಉತ್ತರ ಹೇಳಲು ತಡವರಿಸುವ ಮಗು ಯೋಚಿಸಲೂ ತಡವರಿಸುತ್ತದೆ ಎಂದು ನಾವು ಅರಿವಿಲ್ಲದೆ ತೀರ್ಮಾನಿಸಿಬಿಡುತ್ತೇವೆ. ಎಲೆಗಳ ಪಾಠಕ್ಕೆಂದು ಮಕ್ಕಳು ತಂದ ಸೊಪ್ಪನ್ನು ಗುಂಪು ಮಾಡಲು ಹೇಳಿದಾಗ ಹೆಚ್ಚಿನವರು ದೊಡ್ಡದು, ಸಣ್ಣದು ಎಂದು ವಿಂಗಡಿಸಿದರೆ, ತರಗತಿಯಲ್ಲಿ ಬಾಯಿಯೇ ಬಿಡದ ಒಬ್ಬ ಗೌಳಿ ಹುಡುಗ ಕಡ್ಡಿಯ ಮೇಲೆ ಎಲೆಗಳು ಎದುರುಬದುರಾಗಿ ಕೂತಿವೆಯೋ ಒಂದು ಬಿಟ್ಟು ಒಂದು ಕೂತಿವೆಯೋ ಎಂಬುದರ ಮೇಲೆ ಬೇರ್ಪಡಿಸಿ ಇಟ್ಟಿದ್ದನ್ನು ನಾನು ಕಂಡಿದ್ದೇನೆ. ಸಸ್ಯಶಾಸ್ತ್ರದ ವಿದ್ಯಾರ್ಥಿ ಕಾಲೇಜಿನಲ್ಲಿ ಕಲಿಯುವ ವಿಂಗಡಣೆ ಅದು. ಅವನಿಗೆ ಅದನ್ನು ಹೇಳುವ ಕನ್ನಡ ಇರಲಿಲ್ಲ.

ಎರಡನೆಯದು ವಯಸ್ಸು. ಒಂದೇ ವರ್ಷ ಒಂದನೆಯ ತರಗತಿಗೆ ಸೇರಿದ ಮಕ್ಕಳಲ್ಲಿ ಹಿರಿಯ ಮಗುವಿಗೂ ಕಿರಿಯ ಮಗುವಿಗೂ ಹತ್ತು ಹನ್ನೊಂದು ತಿಂಗಳ ಅಂತರವಿರಬಹುದು. ಆರು ವರ್ಷದ ಮಗುವಿನ ಮಟ್ಟಿಗೆ ಅದು ಇಡೀ ಬದುಕಿನ ಆರನೆಯ ಒಂದು ಭಾಗದಷ್ಟು. ದೊಡ್ಡ ಮಗು ಚುರುಕಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಮಗುವಿನ ಕೆಲಸವನ್ನು ತೂಗುವಾಗ ಹಾಜರಿ ಪುಸ್ತಕದಲ್ಲಿರುವ ಜನ್ಮದಿನಾಂಕವನ್ನು ಒಮ್ಮೆ ನೋಡುವುದು ಖರ್ಚಿಲ್ಲದ ಎಚ್ಚರ.

ಇನ್ನು ಹೆಣ್ಣುಮಕ್ಕಳು. ಅವರು ಐದಾರನೆಯ ತರಗತಿಯ ಹೊತ್ತಿಗೆ ತಮಗೆ ತಿಳಿದದ್ದನ್ನು ಮುಚ್ಚಿಡಲು ಕಲಿತಿರುತ್ತಾರೆ; ಎಲ್ಲರಿಗಿಂತ ಮೊದಲು ಉತ್ತರ ಹೇಳುವ ಹುಡುಗಿಗೆ ಗೆಳತಿಯರ ನಡುವೆ ತೆರಬೇಕಾದ ಬೆಲೆ ಅವರಿಗೆ ಗೊತ್ತು. ಮತ್ತೊಂದು ತುದಿಯಲ್ಲಿ ತಂಟೆಯ ಹುಡುಗನಿದ್ದಾನೆ. ನಾಲ್ಕು ನಿಮಿಷದಲ್ಲಿ ತಿಳಿದದ್ದನ್ನು ನಲವತ್ತು ನಿಮಿಷ ಕೇಳಬೇಕಾದ ಬೇಸರ ಅವನನ್ನು ಪಕ್ಕದವನ ಜುಟ್ಟಿಗೆ ಕೈಹಾಕುವಂತೆ ಮಾಡುತ್ತದೆ, ಅವನ ಹೆಸರು ಬೇರೆಯೇ ಪಟ್ಟಿಯಲ್ಲಿ ಸೇರುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಸಾಮರ್ಥ್ಯ ಮತ್ತು ತೊಡಕು ಒಂದೇ ಮಗುವಿನಲ್ಲಿ ಸೇರಿರುವುದು. ಡಿಸ್ಲೆಕ್ಸಿಯಾ ಎಂಬ ಓದಿನ ತೊಡಕು ಇರುವ ಮಗುವಿಗೆ ಅಕ್ಷರಗಳು ಕೈಕೊಡುತ್ತವೆ, ಆದರೆ ಯಂತ್ರವನ್ನು ಬಿಚ್ಚಿ ಜೋಡಿಸುವುದರಲ್ಲೋ ಕಥೆಯ ಎಳೆ ಹಿಡಿಯುವುದರಲ್ಲೋ ಅದು ತರಗತಿಗಿಂತ ಬಹಳ ಮುಂದಿರಬಹುದು. ಬುದ್ಧಿ ತೊಡಕನ್ನು ಮರೆಮಾಡುತ್ತದೆ, ತೊಡಕು ಬುದ್ಧಿಯನ್ನು ಮರೆಮಾಡುತ್ತದೆ. ಎರಡೂ ಸೇರಿ ಮಗು ‘ಸಾಧಾರಣ’ ಎಂದು ದಾಖಲಾಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಗುರುತಿಸಿದೆ, ಆದ್ದರಿಂದ ಇಂಥ ಮಗುವಿಗೆ ಪರೀಕ್ಷೆಯಲ್ಲಿ ರಿಯಾಯಿತಿ ಕೇಳಲು ದಾರಿಯಿದೆ. ಆದರೆ ರಿಯಾಯಿತಿ ಅರ್ಧ ಕೆಲಸ. ಆ ಮಗು ಯಾವುದರಲ್ಲಿ ಮುಂದಿದೆಯೋ ಅದಕ್ಕೆ ಆಹಾರ ಕೊಡುವುದು ಉಳಿದರ್ಧ.

ಪರೀಕ್ಷೆಗಳಿಂದ ಏನಾಗುತ್ತದೆ, ಏನಾಗುವುದಿಲ್ಲ

ಹಾಗಾದರೆ ಪರೀಕ್ಷೆಗಳೇ ಬೇಡವೇ? ಬೇಕು, ಆದರೆ ಅವುಗಳ ಹಣೆಬರಹ ತಿಳಿದು ಬಳಸಬೇಕು. ಬಿನೆಯ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದಿಸಿದ ವಿ.ವಿ. ಕಾಮತರ ಕೆಲಸ 1930ರ ದಶಕದ್ದು. ನಮ್ಮ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. ಭಾರತೀಯ ಭಾಷೆಯ ಮಕ್ಕಳನ್ನು ಅವರ ಭಾಷೆಯಲ್ಲೇ ಅಳೆಯಬೇಕೆಂಬ ಆ ಪ್ರಯತ್ನ ಗೌರವಾರ್ಹವಾದುದು, ಬಿನೆ–ಕಾಮತ್ ಪರೀಕ್ಷೆ ಇಂದಿಗೂ ಮನೋವೈದ್ಯಕೀಯ ಕೇಂದ್ರಗಳಲ್ಲಿ ಬಳಕೆಯಲ್ಲಿದೆ. ಆದರೆ ಒಂದು ತಲೆಮಾರಿನ ಮಕ್ಕಳ ಸರಾಸರಿಯನ್ನು ಆಧರಿಸಿದ ಮಾನದಂಡ ಹಲವು ತಲೆಮಾರುಗಳ ನಂತರದ ಮಗುವಿನ ಬಗ್ಗೆ ಎಷ್ಟು ಸರಿಯಾಗಿ ಹೇಳೀತು ಎಂದು ಕೇಳಿಕೊಳ್ಳಲೇಬೇಕು. ಚಿತ್ರ ಮತ್ತು ಆಕೃತಿಗಳನ್ನಷ್ಟೇ ಬಳಸುವ, 1938ರಲ್ಲಿ ಬಂದ ರೇವನ್ ಪರೀಕ್ಷೆಯಂಥವು ಭಾಷೆಯ ತಡೆಯನ್ನು ಕಡಿಮೆ ಮಾಡುತ್ತವೆ, ಪೂರ್ತಿ ತೆಗೆಯುವುದಿಲ್ಲ. ಕಾಗದದ ಮೇಲಿನ ಆಕೃತಿಗಳೊಡನೆ ಆಡಿ ಬೆಳೆದ ಮಗುವಿಗೆ ಅಲ್ಲಿಯೂ ಅನುಕೂಲವೇ.

ಯಾರನ್ನು ಪರೀಕ್ಷೆಗೆ ಕೂರಿಸುತ್ತೇವೆ ಎಂಬ ಪ್ರಶ್ನೆ ಯಾವ ಪರೀಕ್ಷೆ ಎಂಬುದಕ್ಕಿಂತ ದೊಡ್ಡದು. ಅಮೆರಿಕದ ಫ್ಲಾರಿಡಾ ರಾಜ್ಯದ ಒಂದು ದೊಡ್ಡ ಶಾಲಾ ಜಿಲ್ಲೆಯಲ್ಲಿ ಮೊದಲು ಶಿಕ್ಷಕರೋ ಪಾಲಕರೋ ಹೆಸರು ಸೂಚಿಸಿದ ಮಕ್ಕಳನ್ನು ಮಾತ್ರ ಪರೀಕ್ಷಿಸುತ್ತಿದ್ದರು. 2005ರಲ್ಲಿ ಎರಡನೆಯ ತರಗತಿಯ ಎಲ್ಲ ಮಕ್ಕಳಿಗೂ ಒಂದು ಚಿಕ್ಕ, ಭಾಷೆ ಬೇಡದ ಪರೀಕ್ಷೆ ಕೊಡಲಾರಂಭಿಸಿದರು. ಅರ್ಹತೆಯ ಮಟ್ಟವನ್ನು ಇಳಿಸದಿದ್ದರೂ, ಗುರುತಿಸಲ್ಪಟ್ಟವರಲ್ಲಿ ಬಡವರ, ಕಪ್ಪು ಜನಾಂಗದ ಮತ್ತು ಸ್ಪ್ಯಾನಿಶ್ ಮೂಲದ ಕುಟುಂಬಗಳ ಮಕ್ಕಳ ಸಂಖ್ಯೆ ಗಣನೀಯವಾಗಿ ಏರಿತು. ಡೇವಿಡ್ ಕಾರ್ಡ್ ಮತ್ತು ಲಾರಾ ಜೂಲಿಯಾನೊ ಎಂಬ ಅರ್ಥಶಾಸ್ತ್ರಜ್ಞರು 2016ರಲ್ಲಿ ಪ್ರಕಟಿಸಿದ ಈ ವಿಶ್ಲೇಷಣೆ ಹೇಳುವುದು ಸ್ಪಷ್ಟವಾಗಿದೆ. ಆ ಮಕ್ಕಳು ಮೊದಲೂ ಅಲ್ಲೇ ಇದ್ದರು. ಅವರ ಹೆಸರನ್ನು ಸೂಚಿಸುವವರು ಇರಲಿಲ್ಲ.

ನಮ್ಮಲ್ಲಿ ಈಗ ಇರುವ ಆಯ್ಕೆಗಳನ್ನೂ ಈ ಬೆಳಕಿನಲ್ಲಿ ನೋಡಬಹುದು. ಮುಂಡಗೋಡಿನಲ್ಲಿರುವ ಜವಾಹರ ನವೋದಯ ವಿದ್ಯಾಲಯಕ್ಕೆ ಐದನೆಯ ತರಗತಿಯ ಮಕ್ಕಳು ಬರೆಯುವ ಪರೀಕ್ಷೆ ಎರಡು ಗಂಟೆಯದು, 80 ಪ್ರಶ್ನೆಗಳದು, ಅದರಲ್ಲಿ ಅರ್ಧ ಮಾನಸಿಕ ಸಾಮರ್ಥ್ಯದ ಪ್ರಶ್ನೆಗಳು. ಇರುವ ಸ್ಥಾನಗಳು 80, ಅವುಗಳಲ್ಲಿ ಕನಿಷ್ಠ ಮುಕ್ಕಾಲು ಪಾಲು ಗ್ರಾಮೀಣ ಮಕ್ಕಳಿಗೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯವರು ಬರೆಯುವ ಎನ್.ಎಂ.ಎಂ.ಎಸ್. (ಬಡ ಪ್ರತಿಭಾವಂತ ಮಕ್ಕಳಿಗಾಗಿ ಇರುವ ರಾಷ್ಟ್ರೀಯ ವಿದ್ಯಾರ್ಥಿವೇತನ) ಪರೀಕ್ಷೆಯಲ್ಲಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ ₹12,000 ವಿದ್ಯಾರ್ಥಿವೇತನ ಸಿಗುತ್ತದೆ. 1963ರಲ್ಲಿ ಆರಂಭವಾದ ರಾಷ್ಟ್ರೀಯ ಪ್ರತಿಭಾನ್ವೇಷಣೆ ಪರೀಕ್ಷೆಯನ್ನು 2021ರ ನಂತರ ತಡೆಹಿಡಿಯಲಾಗಿದೆ. ತೆರೆದಿರುವ ಉಳಿದೆರಡೂ ಒಳ್ಳೆಯ ಬಾಗಿಲುಗಳು, ಅರ್ಜಿ ತುಂಬಿಸಿ ಮಕ್ಕಳನ್ನು ಕೂರಿಸಲೇಬೇಕು. ಆದರೆ ಇವು ತಯಾರಿ ಪಡೆದ ಮಗುವನ್ನು ಆರಿಸುತ್ತವೆ, ಆರಿಸಿ ಬೇರೆಡೆಗೆ ಕೊಂಡೊಯ್ಯುತ್ತವೆ ಅಥವಾ ಹಣ ಕೊಡುತ್ತವೆ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಅದೇ ಬೆಂಚಿನ ಮೇಲೆ ಕುಳಿತಿರುವ ಮಗುವಿಗೆ ಏನು ಕೊಡಬೇಕೆಂಬುದಕ್ಕೆ ಅವುಗಳಲ್ಲಿ ಉತ್ತರವಿಲ್ಲ.

ಮೊದಲು ಕೊಡುವುದು, ಆಮೇಲೆ ನೋಡುವುದು

ನನ್ನ ಅನುಭವ ಮತ್ತು ಓದು ಎರಡೂ ಒಂದೇ ಕಡೆಗೆ ಬೆರಳು ತೋರಿಸುತ್ತವೆ. ಗುರುತಿಸಿದ ಮೇಲೆ ಕೊಡುತ್ತೇವೆ ಎಂದು ಕಾಯುವುದರ ಬದಲು, ಎಲ್ಲರಿಗೂ ಕೊಟ್ಟು ಯಾರು ಎಷ್ಟು ದೂರ ಹೋಗುತ್ತಾರೆಂದು ನೋಡಬೇಕು. ಅಂಥ ಕೆಲಸಕ್ಕೆ ಪ್ರವೇಶ ಎಲ್ಲರಿಗೂ ಸುಲಭವಾಗಿರಬೇಕು, ಮೇಲಕ್ಕೆ ಮಿತಿ ಇರಬಾರದು. ಕರಾವಳಿಯ ಶಾಲೆಗಳಿಗೆ ಸಮುದ್ರವೇ ಅಂಥದೊಂದು ಕೆಲಸವನ್ನು ದಿನವೂ ಎರಡು ಸಲ ತಂದುಕೊಡುತ್ತದೆ. ಕಾಳಿ ನದಿಯ ಅಳಿವೆಯ ಬಳಿಯ ಶಾಲೆಯೊಂದರಲ್ಲಿ ಮಕ್ಕಳೆಲ್ಲ ಒಂದು ಕಂಬಕ್ಕೆ ಗುರುತು ಹಾಕಿ, ಭರತದ (ಉಬ್ಬರದ) ನೀರು ಅತಿ ಮೇಲೆ ಬಂದ ಹೊತ್ತನ್ನು ಬರೆದಿಡುತ್ತಾರೆ ಎಂದುಕೊಳ್ಳೋಣ. ಬರೆದಿಡುವುದು ಎಲ್ಲರಿಗೂ ಸಾಧ್ಯ. ನಾಲ್ಕೈದು ದಿನಗಳಲ್ಲಿ ಕೆಲವರಿಗೆ ಆ ಹೊತ್ತು ದಿನವೂ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತಿದೆ ಎಂದು ಹೊಳೆಯುತ್ತದೆ. ಅವರಲ್ಲಿ ಒಬ್ಬಿಬ್ಬರು ಬರುವ ಭಾನುವಾರ ಎಷ್ಟು ಹೊತ್ತಿಗೆ ಎಂದು ಮೊದಲೇ ಹೇಳಿ, ಹೋಗಿ ನೋಡಿ ಬರುತ್ತಾರೆ. ಮೀನುಗಾರರಾದ ಹರಿಕಂತ್ರ, ಖಾರ್ವಿ ಮನೆಗಳ ಮಕ್ಕಳು ಅಮಾವಾಸ್ಯೆ ಹುಣ್ಣಿಮೆಗೆ ನೀರು ಹೆಚ್ಚು ಏರುತ್ತದೆಂಬ ಅಜ್ಜನ ಮಾತನ್ನು ತರುತ್ತಾರೆ; ಅದು ಮನೆಯಿಂದ ಬಂದ ತಿಳಿವಳಿಕೆ, ಗೌರವದಿಂದ ಸ್ವೀಕರಿಸಬೇಕು, ಆದರೆ ಅದನ್ನೇ ಅಸಾಧಾರಣ ಸಾಮರ್ಥ್ಯವೆಂದು ತಿಳಿಯಬಾರದು. ಆ ಮಾತನ್ನೂ ಈ 50 ನಿಮಿಷವನ್ನೂ ಜೋಡಿಸಿ, ‘ಚಂದ್ರನೂ ದಿನಾ ಅಷ್ಟೇ ತಡವಾಗಿ ಹುಟ್ಟುತ್ತಾನಲ್ಲ?’ ಎಂದು ಕೇಳುವ ಮಗು ಇದೆಯೇ ಎಂದು ನೋಡಬೇಕು. ನಮ್ಮ ಕರಾವಳಿಯಲ್ಲಿ ದಿನದ ಎರಡು ಭರತಗಳು ಸಮವಾಗಿರುವುದಿಲ್ಲ, ಒಂದು ದೊಡ್ಡದು, ಒಂದು ಸಣ್ಣದು. ಮೂರನೆಯ ವಾರವೂ ಬಿಡದೆ ಬರೆಯುತ್ತ, ಈ ಅಸಮತೆಯನ್ನು ಕಂಡು, ಕಾರಣ ಕೇಳಿ ಬೆನ್ನು ಹತ್ತುವ ಮಗು ಸಿಕ್ಕಿದರೆ, ರೆಂಜುಲ್ಲಿಯ ಮೂರು ಉಂಗುರಗಳೂ ಒಂದೇ ಕಡೆ ಕಂಡಂತಾಯಿತು.

ಹಾಗೆ ಕಂಡ ಮಗುವಿಗೆ ಮಾಡಬೇಕಾದ ಮೊದಲ ಉಪಕಾರವೆಂದರೆ ಬೇಡದ ಕೆಲಸವನ್ನು ತೆಗೆಯುವುದು. ಪಾಠದ ಆರಂಭದಲ್ಲೇ ಅಭ್ಯಾಸದ ಅತಿ ಕಠಿಣವಾದ ಐದು ಲೆಕ್ಕಗಳನ್ನು ಕೊಟ್ಟು, ಮಗು ಅವನ್ನು ಸರಿಯಾಗಿ ಬಿಡಿಸಿದರೆ ಉಳಿದ ಇಪ್ಪತ್ತನ್ನು ಬಿಟ್ಟುಬಿಡಬೇಕು. ಇದನ್ನು ಪಠ್ಯಸಂಕ್ಷೇಪ ಎನ್ನುತ್ತಾರೆ. ಉಳಿದ ಸಮಯದಲ್ಲಿ ಅದೇ ಬಗೆಯ ಇನ್ನಷ್ಟು ಲೆಕ್ಕ ಕೊಟ್ಟರೆ ಅದು ಬುದ್ಧಿಗೆ ದಂಡ ವಿಧಿಸಿದ ಹಾಗೆ. ಆಳವಾದ, ಬೇರೆ ಬಗೆಯ ಕೆಲಸ ಕೊಡಬೇಕು. ಅಡಿಕೆಯ ಹುಡುಗಿಯ ವಿಷಯದಲ್ಲಿ ನಾನು ಇಲ್ಲಿಯೇ ತಪ್ಪಿದೆ. ಅವಳು ಮನಸ್ಸಿಟ್ಟರೆ ಬೇಗ ಮುಗಿಸುತ್ತಾಳೆಂದು ಗೊತ್ತಾದ ಮೇಲೆ ಅವಳಿಗೆ ಉಳಿದವರ ಪಟ್ಟಿ (ನೋಟ್‌ಬುಕ್) ತಿದ್ದುವ, ಸಣ್ಣ ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಕೆಲಸ ವಹಿಸಿದೆ. ಅದು ಗೌರವವೆಂದೇ ನಾನು ಭಾವಿಸಿದ್ದೆ, ನನಗೂ ಕೈ ಹಗುರಾಗಿತ್ತು. ಒಂದು ಇಡೀ ವರ್ಷ ಅವಳು ಗಣಿತದಲ್ಲಿ ಹೊಸದೇನನ್ನೂ ಕಲಿಯಲಿಲ್ಲ. ಸಹಪಾಠಿಗೆ ಒಮ್ಮೊಮ್ಮೆ ವಿವರಿಸುವುದರಿಂದ ಮಗುವಿನ ತಿಳಿವಳಿಕೆ ಗಟ್ಟಿಯಾಗುತ್ತದೆ ನಿಜ, ಆದರೆ ಮಗು ಶಾಲೆಗೆ ಬರುವುದು ಕಲಿಯುವುದಕ್ಕೆ, ಶಿಕ್ಷಕರ ಕೊರತೆ ತುಂಬುವುದಕ್ಕಲ್ಲ.

ಎರಡನೆಯ ದಾರಿ ವೇಗವರ್ಧನೆ, ಅಂದರೆ ಮಗುವನ್ನು ಅದರ ವೇಗದಲ್ಲಿ ಮುಂದಕ್ಕೆ ಬಿಡುವುದು. ಚಿಕ್ಕ ಮಗು ದೊಡ್ಡವರ ನಡುವೆ ಒಂಟಿಯಾಗುತ್ತದೆ ಎಂಬ ಭಯ ಸಹಜ. ಆದರೆ ಚೆನ್ನಾಗಿ ಯೋಚಿಸಿ ಮಾಡಿದ ವೇಗವರ್ಧನೆಯಿಂದ ಕಲಿಕೆಗೆ ಲಾಭವಾಗುತ್ತದೆ, ಭಾವನಾತ್ಮಕವಾಗಿ ಹಾನಿಯಾಗುವುದಿಲ್ಲ ಎಂಬುದನ್ನು ದಶಕಗಳ ಸಂಶೋಧನೆ ಸ್ಥಿರವಾಗಿ ತೋರಿಸುತ್ತ ಬಂದಿದೆ. ಇದಕ್ಕಾಗಿ ಇಡೀ ತರಗತಿಯನ್ನು ಹಾರಿಸಬೇಕಿಲ್ಲ. ಒಂದು ವಿಷಯದಲ್ಲಿ ಮಾತ್ರ ಮೇಲಿನವರ ಜೊತೆ ಕೂರಿಸಿದರೆ ಸಾಕು. ನಮ್ಮ ಘಟ್ಟದ ಶಾಲೆಗಳಲ್ಲಿ ಇದು ಪಟ್ಟಣದ ಶಾಲೆಗಳಿಗಿಂತ ಸುಲಭ ಎಂಬುದನ್ನು ನಾವು ಗಮನಿಸಿಯೇ ಇಲ್ಲ. ಒಬ್ಬರೇ ಶಿಕ್ಷಕರಿರುವ, ಒಂದೇ ಕೋಣೆಯಲ್ಲಿ ಮೂರು ತರಗತಿ ನಡೆಯುವ ಶಾಲೆಯಲ್ಲಿ ಮೂರನೆಯ ತರಗತಿಯ ಮಗು ಐದನೆಯವರ ಗಣಿತಕ್ಕೆ ಹೋಗಲು ದಾಟಬೇಕಾದದ್ದು ಒಂದು ಜಮಖಾನ ಮಾತ್ರ. 1995ರಲ್ಲಿ ಎಚ್.ಡಿ. ಕೋಟೆ ತಾಲೂಕಿನಲ್ಲಿ ಹುಟ್ಟಿ ರಾಜ್ಯವೆಲ್ಲ ಹಬ್ಬಿದ ನಲಿ–ಕಲಿಯ ತಿರುಳೂ ಇದೇ: ಪ್ರತಿ ಮಗು ಕಲಿಕಾ ಏಣಿಯನ್ನು ತನ್ನ ವೇಗದಲ್ಲಿ ಹತ್ತುತ್ತದೆ. ಹಿಂದುಳಿದವರಿಗಾಗಿ ಎಂದು ನಾವು ತಿಳಿದ ಆ ಏಣಿ ಮುಂದಿರುವ ಮಗುವಿಗೂ ಅಷ್ಟೇ ಬೇಕಾದದ್ದು. ದುಃಖವೆಂದರೆ ನಾಲ್ಕನೆಯ ತರಗತಿಗೆ ಬಂದೊಡನೆ ಆ ಏಣಿಯನ್ನು ತೆಗೆದು ಎಲ್ಲರನ್ನೂ ಒಂದೇ ಪುಟದ ಮೇಲೆ ನಿಲ್ಲಿಸುತ್ತೇವೆ.

ಮೂರನೆಯದು ಜೊತೆಗಾರರು ಮತ್ತು ಮಾರ್ಗದರ್ಶಕರು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ವಿಶೇಷ ಪ್ರತಿಭೆಯ ಮಕ್ಕಳ ಬಗ್ಗೆ ಪ್ರತ್ಯೇಕವಾಗಿ ಮಾತನಾಡುತ್ತದೆ. ಅವರನ್ನು ಗುರುತಿಸುವ ಬಗೆಯನ್ನು ಶಿಕ್ಷಕರ ತರಬೇತಿಯಲ್ಲಿ ಸೇರಿಸಬೇಕು, ಶಾಲೆ ಮತ್ತು ಜಿಲ್ಲೆಯ ಮಟ್ಟದಲ್ಲಿ ವಿಷಯವಾರು ಕೂಟಗಳು ಇರಬೇಕು ಎನ್ನುತ್ತದೆ. ಆ ನೀತಿಯ ಉಳಿದ ಅಂಶಗಳ ಬಗ್ಗೆ ರಾಜ್ಯದಲ್ಲಿ ಏನೇ ಚರ್ಚೆಯಿರಲಿ, ಈ ಕೂಟಗಳಿಗೆ ಕಾಯಬೇಕಿಲ್ಲ. ಪುಣೆಯ ಜ್ಞಾನ ಪ್ರಬೋಧಿನಿ 1962ರಿಂದ ಈ ಕ್ಷೇತ್ರದಲ್ಲಿದೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಭಾರತದ ಪರಿಸ್ಥಿತಿಗೆ ಒಗ್ಗುವ ಗುರುತಿಸುವಿಕೆಯ ಬಗ್ಗೆ ಕೆಲಸ ಮಾಡಿದೆ. ನಮ್ಮ ಮನೆಬಾಗಿಲಲ್ಲೇ ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವಿದೆ, ಶಿರಸಿಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ. ತಿಂಗಳಿಗೊಮ್ಮೆ ಒಂದು ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ಹತ್ತು ಮಕ್ಕಳು ಒಟ್ಟಿಗೆ ಕುಳಿತು ಒಬ್ಬ ಸಂಶೋಧಕರೊಡನೆ ಎರಡು ಗಂಟೆ ಕಳೆದರೆ, ತಾವು ಕೇಳುವ ಪ್ರಶ್ನೆಗಳು ಹುಚ್ಚು ಪ್ರಶ್ನೆಗಳಲ್ಲ ಎಂಬುದು ಆ ಮಕ್ಕಳಿಗೆ ತಿಳಿಯುತ್ತದೆ. ಪಂಚಾಯತಿ ಗ್ರಂಥಾಲಯದ ಸದಸ್ಯತ್ವ ಮಕ್ಕಳಿಗೆ ಉಚಿತವಾಗಿದೆ. ಅಲ್ಲಿಗೆ ಕರೆದೊಯ್ದು ದೊಡ್ಡವರ ಕಪಾಟನ್ನೂ ತೆರೆಸಿಕೊಡುವುದು ಶಿಕ್ಷಕರ ಕೈಯಲ್ಲೇ ಇದೆ.

ಹೊಗಳಿಕೆಯ ಬಗ್ಗೆಯೂ ಒಂದು ಎಚ್ಚರಿಕೆ ಬೇಕು. ‘ನೀನು ಬಹಳ ಬುದ್ಧಿವಂತ’ ಎಂದು ಪದೇ ಪದೇ ಕೇಳಿದ ಮಗು, ಆ ಹೆಸರನ್ನು ಕಳೆದುಕೊಳ್ಳುವ ಭಯದಿಂದ ಕಷ್ಟದ ಕೆಲಸವನ್ನೇ ತಪ್ಪಿಸಿಕೊಳ್ಳತೊಡಗಬಹುದು. ಅದಕ್ಕೇ ಹಣೆಪಟ್ಟಿ ಕಟ್ಟಬಾರದು, ಸನ್ಮಾನ ಮಾಡಬಾರದು, ಫ್ಲೆಕ್ಸ್‌ನಲ್ಲಿ ಫೋಟೋ ಹಾಕಿಸಬಾರದು. ಮಗು ಮಾಡಿದ ಕೆಲಸದ ಬಗ್ಗೆ ಮಾತನಾಡಬೇಕು: ಈ ಗುರುತನ್ನು ಇಲ್ಲಿ ಯಾಕೆ ಹಾಕಿದೆ, ಈ ದಾರಿ ಮುಚ್ಚಿದಾಗ ಬೇರೆ ದಾರಿ ಹೇಗೆ ಹೊಳೆಯಿತು. ಮಗು ಒಮ್ಮೆಯಾದರೂ ತನ್ನಿಂದ ಆಗದ ಕೆಲಸವನ್ನು ಎದುರಿಸಿ ಸೋಲಬೇಕು. ಎಸ್.ಎಸ್.ಎಲ್.ಸಿ.ವರೆಗೆ ಒಮ್ಮೆಯೂ ತಡವರಿಸದೆ ಬಂದು, ಪಿಯುಸಿಯ ಮೊದಲ ಕಿರುಪರೀಕ್ಷೆಯಲ್ಲಿ ಕುಸಿದುಬಿದ್ದ ಮಕ್ಕಳನ್ನು ನಾವೆಲ್ಲ ನೋಡಿದ್ದೇವೆ. ಅವರಿಗೆ ಸೋಲನ್ನು ಸಣ್ಣ ಪ್ರಮಾಣದಲ್ಲಿ, ಸುರಕ್ಷಿತವಾಗಿ ಪರಿಚಯಿಸುವ ಕೆಲಸವನ್ನು ಶಾಲೆ ಮಾಡಿರಲಿಲ್ಲ.

ಕೊನೆಯದಾಗಿ ದಾಖಲೆಯ ಮಾತು. ಘಟ್ಟದ ಕಿರಿಯ ಪ್ರಾಥಮಿಕ ಶಾಲೆಗಳು ಐದನೆಯ ತರಗತಿಗೆ ಮುಗಿಯುತ್ತವೆ. ಅಲ್ಲಿಂದ ಮಗು ನಾಲ್ಕಾರು ಕಿಲೋಮೀಟರ್ ದೂರದ ಬೇರೆ ಶಾಲೆಗೆ ಹೋಗುತ್ತದೆ, ಅದರ ಜೊತೆ ವರ್ಗಾವಣೆ ಪತ್ರ ಹೋಗುತ್ತದೆ. ಐದು ವರ್ಷ ಒಬ್ಬ ಶಿಕ್ಷಕಿ ಕಂಡದ್ದು ಹೋಗುವುದಿಲ್ಲ. ಹೊಸ ಶಾಲೆಯಲ್ಲಿ ಎಲ್ಲವೂ ಅಂಕಪಟ್ಟಿಯಿಂದ ಮತ್ತೆ ಶುರುವಾಗುತ್ತದೆ. ಇದಕ್ಕೆ ಒಂದು ಹಾಳೆ ಸಾಕು: ಮಗು ಯಾವ ಪ್ರಶ್ನೆ ಕೇಳಿತು, ಯಾವ ಕೆಲಸವನ್ನು ಯಾರೂ ಹೇಳದೆ ಮುಂದುವರಿಸಿತು, ಏನನ್ನು ಆಗಲೇ ಬಲ್ಲದು, ಯಾವಾಗ ಬೇಸರಪಡುತ್ತದೆ. ಬುದ್ಧ್ಯಂಕ ಬೇಡ, ವಿಶೇಷಣ ಬೇಡ, ದಿನಾಂಕಸಹಿತ ಕಂಡದ್ದು ಮಾತ್ರ. ಅಡಿಕೆಯ ಹುಡುಗಿ ಐದನೆಯ ತರಗತಿ ಮುಗಿಸಿದ ವರ್ಷ ನಾನು ಅಂಥದೊಂದು ಹಾಳೆ ಬರೆದು ಅವಳ ಹೊಸ ಶಾಲೆಯ ಗಣಿತದ ಮಾಸ್ತರರ ಕೈಗೆ ಕೊಟ್ಟೆ. ಅದರ ಕೊನೆಯ ಸಾಲು ಹೀಗಿತ್ತು: ‘ಚೌಕ ಮುಗಿದಿದೆ. ಈಗ ಅಡಿಕೆಯನ್ನು ಪೆಟ್ಟಿಗೆಯ ಆಕಾರದಲ್ಲಿ ಮೇಲಕ್ಕೂ ಪೇರಿಸಿದರೆ ಪ್ರತಿ ಸಲ ಎಷ್ಟು ಹೆಚ್ಚು ಬೇಕು ಎಂದು ಕೇಳುತ್ತಿದ್ದಾಳೆ. ಏಳು, ಹತ್ತೊಂಬತ್ತು, ಮೂವತ್ತೇಳರವರೆಗೆ ಬಂದಿದ್ದಾಳೆ, ಕಾರಣ ಇನ್ನೂ ಸಿಕ್ಕಿಲ್ಲ, ದಯವಿಟ್ಟು ಹೇಳಿಬಿಡಬೇಡಿ.’